ನಂಬರು ಒಂದು, ಎಂಜಿನ್ ಇನ್ನೊಂದು

ತೊಗರಿ ಮಾರಿದ ದುಡ್ಡು ಕೈಗೆ ಬಂದ ವಾರ ಅದು. ಕುಂಚಾವರಂ ಬಸ್ ನಿಲ್ದಾಣದ ಹತ್ತಿರ, ಚಹಾದ ಅಂಗಡಿಯ ಪಕ್ಕ ಒಂದು ಮೋಟಾರ್ ಸೈಕಲ್ ನಿಂತಿತ್ತು. ಅದರ ಸುತ್ತ ಏಳೆಂಟು ಹುಡುಗರು. ಕಪ್ಪು ಟ್ಯಾಂಕು, ಫಳಫಳ ಹೊಳೆಯುವ ಮಡ್‌ಗಾರ್ಡು, ಕಿಕ್ ಹೊಡೆದರೆ ಅಂಗಡಿಯ ಗಾಜಿನ ಲೋಟಗಳೆಲ್ಲ ನಡುಗುವಂಥ ಸದ್ದು. ಯಮಹಾ ಆರ್‌ಎಕ್ಸ್ 100. ನಂಬರು ಎಪಿ-23 ಎಂದು ಶುರುವಾಗುತ್ತಿತ್ತು, ಅಂದರೆ ಹಳೆಯ ಆಂಧ್ರದ ಮೆದಕ್ ಜಿಲ್ಲೆಯದು. ಜಹೀರಾಬಾದ್ ಕಡೆಯಿಂದ ಅದನ್ನು ಹೊಡೆದುಕೊಂಡು ಬಂದಿದ್ದ ವ್ಯಾಪಾರಿ ಎಂಬತ್ತು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಇಲ್ಲ ಎನ್ನುತ್ತಿದ್ದ.

'ಎಂಜಿನ್ ಇನ್ನಾ ಬಿಚ್ಚೇ ಇಲ್ರಿ ಸಾಹೇಬ್ರೆ. ಅಸಲಿ ಜಪಾನ್ ಪೀಸ್ ಅದ.'

ಕೊಳ್ಳಬೇಕೆಂದಿದ್ದ ಹುಡುಗ ಚಿಂಚೋಳಿಯಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದಾನೆ. ಗುಡ್ಡದ ಊರು, ಬಸ್ಸು ತಪ್ಪಿದರೆ ಒಂದು ದಿನದ ಕ್ಲಾಸು ಹೋದಂತೆಯೇ. ಆದ್ದರಿಂದ ಗಾಡಿ ಬೇಕೆನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಅವನಿಗೆ ಬೇಕಾದದ್ದು ಬರೀ ಗಾಡಿಯಲ್ಲ, ಇದೇ ಗಾಡಿ. ಅವನ ತಂದೆ ನನ್ನನ್ನು ಒಂದು ಪಕ್ಕಕ್ಕೆ ಕರೆದರು. 'ಸರ್, ಇವಗ ಇದೇ ಆಗಬೇಕಂತ ರೀ. ನಮಗೇನ್ ತಿಳೀತದ? ನೀವೊಂದ್ ಸಲ ನೋಡಿ ಹೇಳ್ರಿ' ಎಂದರು. ಪಿಯು ಕಾಲೇಜಿನಲ್ಲಿ ಹಲವು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಮೋಟಾರ್ ಸೈಕಲೂ ತಿಳಿದಿರಬೇಕೆಂದು ನಮ್ಮ ಕಡೆಯ ಜನ ನಂಬಿದ್ದಾರೆ. ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಒಮ್ಮೆ ಕೈ ಸುಟ್ಟುಕೊಂಡು. ಆ ಕಥೆ ಮುಂದೆ ಬರುತ್ತದೆ.

ಆ ಸಂಜೆ ಆ ತಂದೆ-ಮಗನಿಗೆ ನಾನು ತೋರಿಸಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಳೆಯ ಗಾಡಿ ಕೊಳ್ಳುವಾಗ ಮೂರು ಸಾಕ್ಷಿಗಳನ್ನು ಕೇಳಬೇಕು: ಕಾಗದ, ಲೋಹದ ಮೇಲೆ ಒತ್ತಿದ ಅಂಕಿ ಮತ್ತು ಎಂಜಿನ್ನಿನ ಒಳಗು. ಮೂರೂ ಒಂದೇ ಕಥೆ ಹೇಳಬೇಕು. ಒಂದು ಬೇರೆ ಹೇಳಿದರೂ ದುಡ್ಡು ಜೇಬಿನಲ್ಲೇ ಇರಲಿ.

ಬಡವರ ಸ್ಪೋರ್ಟ್ಸ್ ಕಾರು

ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ 'ಮ್ಯಾಚಿಂಗ್ ನಂಬರ್ಸ್' ಎಂಬ ಮಾತೊಂದಿದೆ. ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಅದರಲ್ಲಿದ್ದ ಎಂಜಿನ್ನೇ ಇವತ್ತಿಗೂ ಅದರಲ್ಲಿದೆ ಎಂದು ಅದರ ಅರ್ಥ. ಇಟಲಿಯ ಮರನೆಲ್ಲೊದಲ್ಲಿರುವ ಫೆರಾರಿ ಕಾರ್ಖಾನೆ ಇದಕ್ಕಾಗಿಯೇ 'ಕ್ಲಾಸಿಕೆ' ಎಂಬ ವಿಭಾಗ ಇಟ್ಟುಕೊಂಡಿದೆ. ಚಾಸಿ, ಎಂಜಿನ್, ಗೇರ್‌ಬಾಕ್ಸುಗಳನ್ನು ತನ್ನ ಹಳೆಯ ದಾಖಲೆಯೊಂದಿಗೆ ತಾಳೆ ನೋಡಿ ಅದು ಪ್ರಮಾಣಪತ್ರ ಕೊಡುತ್ತದೆ. ಅಂಥ ಪತ್ರವಿದ್ದ ಕಾರಿಗೂ ಇಲ್ಲದ್ದಕ್ಕೂ ಬೆಲೆಯಲ್ಲಿ ಭಾರಿ ಅಂತರ. ಮೋಸವೂ ಅಷ್ಟೇ ದೊಡ್ಡದು.

ಕುಂಚಾವರಂ, ಸೇಡಂ, ವಾಡಿ, ಶಹಾಬಾದಿನಲ್ಲಿ ಫೆರಾರಿ ಹುಡುಕುವವರು ಯಾರೂ ಇಲ್ಲ. ನಮ್ಮ ಸ್ಪೋರ್ಟ್ಸ್ ಕಾರಿಗೆ ಎರಡೇ ಚಕ್ರ. ಆದರೆ ಗೀಳು ಅದೇ, ಮೋಸವೂ ಅದೇ ಜಾತಿಯದು.

ಈ ಗೀಳಿನ ಬೇರು ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕ್ ದೇಶದ ಜಾವಾ ಮೋಟಾರ್ ಸೈಕಲುಗಳನ್ನು ತಯಾರಿಸಲು ತೊಡಗಿತು. ಆಮೇಲೆ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಾಗಿತ್ತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಗುಚಿದರೆ ಅದೇ ಗೇರು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ರಾಜದೂತ್ 350 ಅದಕ್ಕಿಂತ ಜೋರಿನದು, ಆದರೆ ನಮ್ಮ ಕಡೆ ಅಪರೂಪ. ಅದೇ ಎಸ್ಕಾರ್ಟ್ಸ್ ಜಪಾನಿನ ಯಮಹಾ ಜೊತೆಗೂಡಿ 1985ರಲ್ಲಿ ಆರ್‌ಎಕ್ಸ್ 100 ತಂದಿತು. ಹಗುರ ಮೈ, ಹನ್ನೊಂದು ಕುದುರೆ ಶಕ್ತಿ, ನಾಲ್ಕು ಗೇರು. ಹೊಗೆಯ ನಿಯಮ ಬಿಗಿಯಾದಾಗ, 1996ರಲ್ಲಿ ಅದೂ ನಿಂತಿತು.

ಅಂದರೆ ಇವತ್ತು ನಿಮ್ಮ ಮಗ ತೋರಿಸುವ ಆರ್‌ಎಕ್ಸ್ 100 ಎಷ್ಟೇ ಹೊಸದರಂತೆ ಹೊಳೆದರೂ ಅವನಿಗಿಂತ ವಯಸ್ಸಿನಲ್ಲಿ ಹಿರಿಯದು. ಹೊಳಪು ಬಣ್ಣ ಹೊಡೆದವನದು. ಇದಿಷ್ಟು ನೆನಪಿದ್ದರೆ ಅರ್ಧ ಮೋಹ ಇಳಿಯುತ್ತದೆ.

ಇನ್ನೊಂದು ಮಾತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸದಾಗಿ ಮಾರುಕಟ್ಟೆಗೆ ಮರಳಿವೆ. ಹೆಸರು ಹಳೆಯದಾದರೂ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಗಾಡಿಗಳು. ಇಲ್ಲಿ ಹೇಳುತ್ತಿರುವುದು ಮೊದಲಿನ ಎರಡು ಸ್ಟ್ರೋಕಿನವುಗಳ ಮಾತು.

ಪೆನ್ಸಿಲು, ಹಾಳೆ, ಸೀಮೆಎಣ್ಣೆ

ಗಾಡಿ ನೋಡಲು ಹೋಗುವಾಗ ಚೀಲದಲ್ಲಿ ಒಂದು ಹಳೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಪೆಟ್ರೋಲು, ತೆಳು ಹಾಳೆ, ಪೆನ್ಸಿಲು ಇರಲಿ. ಹಗಲು ಹೊತ್ತಿನಲ್ಲೇ ಹೋಗಿ. ಸಂಜೆಗತ್ತಲಲ್ಲಿ ಗಾಡಿ ತೋರಿಸುವವನಿಗೆ ಅವನದೇ ಕಾರಣವಿರುತ್ತದೆ.

ಚಾಸಿ ನಂಬರು ಹ್ಯಾಂಡಲ್ ತಿರುಗುವ ಕೊಳವೆಯ ಹತ್ತಿರ ಇರುತ್ತದೆ, ಎಂಜಿನ್ ನಂಬರು ಎಂಜಿನ್ನಿನ ಕೆಳಪೆಟ್ಟಿಗೆಯ ಮೇಲೆ. ಎರಡನ್ನೂ ಒರೆಸಿ, ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿರಿ. ಮಕ್ಕಳು ನಾಣ್ಯದ ಚಿತ್ರ ತೆಗೆಯುವುದಿಲ್ಲವೆ, ಹಾಗೆ. ಆರ್‌ಟಿಓ ಕಚೇರಿಯಲ್ಲೂ ಹೀಗೇ ಅಚ್ಚು ತೆಗೆದುಕೊಳ್ಳುತ್ತಾರೆ. ಬಂದ ಅಂಕಿಗಳನ್ನು ಆರ್‌ಸಿ ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಿ. ಕೊನೆಯ ನಾಲ್ಕು ಸರಿಯಿದ್ದರೆ ಸಾಕು ಎಂಬ ಮಾತು ಕೇಳಬೇಡಿ.

ಅಚ್ಚು ತೆಗೆಯುವುದರಿಂದ ಇನ್ನೊಂದು ಲಾಭವಿದೆ. ಕಣ್ಣಿಗೆ ಕಾಣದ ಓರೆಕೋರೆಗಳು ಹಾಳೆಯ ಮೇಲೆ ಕಾಣುತ್ತವೆ. ಕಾರ್ಖಾನೆಯ ಅಂಕಿಗಳು ಒಂದೇ ಆಳ, ಒಂದೇ ಅಂತರ, ಒಂದೇ ಸಾಲು. ಸುತ್ತಿಗೆಯಿಂದ ಒಂದೊಂದಾಗಿ ಹೊಡೆದ ಅಂಕಿಗಳು ಕುಣಿಯುತ್ತವೆ. ಅಂಕಿಯ ಸುತ್ತ ಲೋಹ ತಗ್ಗಾಗಿದ್ದರೆ, ಅರ ಹಾಕಿದ ಗೆರೆಗಳಿದ್ದರೆ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ, ಬೆಸುಗೆಯ ಗುರುತಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಕಳವಿನ ಗಾಡಿಯಾಗಿರಬಹುದು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಅಂಕಿಯನ್ನು ಅರ ಹಾಕಿ ಸವೆಸಿದರೂ ಅದು ಪೂರ್ತಿ ಅಳಿಯುವುದಿಲ್ಲ. ಅಚ್ಚು ಬಡಿದಾಗ ಅದರ ಕೆಳಗಿನ ಲೋಹವೂ ಒತ್ತಿಹೋಗಿರುತ್ತದೆ. ಮೇಲ್ಮೈ ನುಣ್ಣಗಾದ ಮೇಲೂ ಆ ಭಾಗ ಸುತ್ತಲಿನ ಲೋಹಕ್ಕಿಂತ ಬೇರೆಯಾಗಿ ಆಮ್ಲದೊಡನೆ ವರ್ತಿಸುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡ್ ಬೆರೆಸಿದ ದ್ರಾವಣವನ್ನು ಉಕ್ಕಿನ ಮೇಲೆ ಸವರುತ್ತಾರೆ, ಅಳಿದುಹೋದ ಅಂಕಿ ನಿಧಾನವಾಗಿ ಮೂಡುತ್ತದೆ. ಇದನ್ನು ಮನೆಯಲ್ಲಿ ಮಾಡಿ ನೋಡುವುದು ಬೇಡ. ಕಳ್ಳನ ಅರಕ್ಕೆ ಗೊತ್ತಿಲ್ಲದ್ದು ಲೋಹಕ್ಕೆ ಗೊತ್ತಿರುತ್ತದೆ ಎಂದಷ್ಟೇ ತಿಳಿದಿರಲಿ.

ಕಳುವಾದ ಗಾಡಿಗಳ ದಾಖಲೆಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 'ವಾಹನ್ ಸಮನ್ವಯ್' ಎಂಬ ಹೆಸರಿನಲ್ಲಿ ಇಟ್ಟಿದೆ. ಚಾಸಿ, ಎಂಜಿನ್ ನಂಬರು ಕೊಟ್ಟು ಅದರಲ್ಲಿ ಹುಡುಕಬಹುದು. ಆದರೆ ದೂರು ದಾಖಲಾಗದ ಕಳವು ಅದರಲ್ಲಿರುವುದಿಲ್ಲ.

ಈಗ ನನ್ನ ಕಥೆ. 1990ರ ದಶಕದ ಕೊನೆಯಲ್ಲಿ ಗುಲ್ಬರ್ಗದಲ್ಲಿ ಒಬ್ಬರಿಂದ ರೋಡ್‌ಕಿಂಗ್ ಕೊಂಡೆ. ಚಾಸಿ ನಂಬರು ನೋಡಿದೆ, ಸರಿಯಿತ್ತು. ಎಂಜಿನ್ ನಂಬರಿನ ಮೇಲೆ ಎಣ್ಣೆ-ಮಣ್ಣಿನ ಗಟ್ಟಿ ಪದರ. ಒರೆಸಲು ಬಟ್ಟೆ ಇರಲಿಲ್ಲ, ಬಿಟ್ಟೆ. ಹೆಸರು ಬದಲಾಯಿಸಲು ಗಾಡಿ ತೋರಿಸಿದಾಗ ಇನ್‌ಸ್ಪೆಕ್ಟರು ಉಗುರಿನಿಂದಲೇ ಆ ಮಣ್ಣು ಕೆರೆದರು. ಎಂಜಿನ್ ಬೇರೆ ಗಾಡಿಯದು. ಕಳವಿನದೇನಲ್ಲ, ಹಳೆಯದು ಒಡೆದಾಗ ಗುಜರಿಯಿಂದ ತಂದು ಕೂರಿಸಿದ್ದು. ಆದರೆ ಅದಕ್ಕೆ ರಸೀದಿ ಇಲ್ಲ, ಆರ್‌ಸಿಯಲ್ಲಿ ಬರೆಸಿಲ್ಲ. ಮಾರಿದವರು ಊರು ಬಿಟ್ಟಿದ್ದರು. ಗಾಡಿ ಏಳು ತಿಂಗಳು ನಮ್ಮ ಮನೆಯ ಕಟ್ಟೆಯ ಪಕ್ಕ ನಿಂತಿತು, ಅದರ ಸೀಟಿನ ಮೇಲೆ ಅವ್ವ ಹಪ್ಪಳ ಒಣಗಿಸುತ್ತಿದ್ದಳು.

ಎಂಜಿನ್ ಬದಲಿಸುವುದೇ ಅಪರಾಧವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದನ್ನು ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಗಡಿ ದಾಟಿದ ಗಾಡಿ

ಕುಂಚಾವರಂನಿಂದ ತೆಲಂಗಾಣ ಕೂಗಳತೆಯಲ್ಲಿದೆ. ಈ ಊರಿನ ಸಂತೆ, ಸಂಬಂಧ, ಮಾತು ಎಲ್ಲ ಎರಡೂ ಕಡೆ ಹರಡಿವೆ. ಗಾಡಿಗಳೂ ಹಾಗೇ. ಜಹೀರಾಬಾದಿನದು, ತಾಂಡೂರಿನದು, ಹೈದರಾಬಾದಿನದು ಇಲ್ಲಿಗೆ ಬರುತ್ತವೆ. ಕಡಿಮೆ ಬೆಲೆಗೆ ಸಿಗುತ್ತವೆ ಕೂಡ. ಏಕೆ ಕಡಿಮೆ ಎಂದು ಕೇಳುವವರು ಮಾತ್ರ ಕಡಿಮೆ.

ಬೇರೆ ರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ಬೇಕು. ನಮೂನೆ 28, ಜನರ ಬಾಯಲ್ಲಿ ಎನ್ಓಸಿ. ಎಪಿ-23ರ ಗಾಡಿಯಾದರೆ ಹಳೆಯ ಮೆದಕ್ ಜಿಲ್ಲೆ 2014ರಲ್ಲಿ ತೆಲಂಗಾಣಕ್ಕೆ ಸೇರಿದ್ದರಿಂದ ಅದರ ದಾಖಲೆ ಅತ್ತ ಕಡೆಯೇ ಇರುತ್ತದೆ. ತಾಂಡೂರಿನದಾದರೆ ಎಪಿ-28, ಹಳೆಯ ರಂಗಾರೆಡ್ಡಿ ಜಿಲ್ಲೆಯದು. ಎನ್ಓಸಿ ತರುವ ಕೆಲಸ ಮಾರುವವನದು. 'ಆಮ್ಯಾಲ ತಂದ್ ಕೊಡ್ತೀನ್ರಿ' ಎಂದವನು ತಂದುಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಪತ್ರ ಬಂದ ಮೇಲೆ ಕಲಬುರಗಿಯಲ್ಲಿ ಕೆಎ-32ರ ಹೊಸ ನಂಬರು ಪಡೆಯಬೇಕು, ಇಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ಹನ್ನೆರಡು ತಿಂಗಳು ದಾಟಿದ ಮೇಲೂ ಹೊರರಾಜ್ಯದ ನಂಬರಿನಲ್ಲೇ ಓಡಿಸುವುದು ಕಾನೂನಿಗೆ ವಿರುದ್ಧ. ಗಾಡಿಯ ಬೆಲೆ ಕೇಳುವಾಗ ಈ ಖರ್ಚನ್ನೂ ಕೂಡಿಸಿ ನೋಡಿ, ಕಡಿಮೆ ಬೆಲೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಆರ್‌ಸಿಯ ಅವಧಿಯನ್ನೂ ನೋಡಬೇಕು. ಖಾಸಗಿ ಗಾಡಿಯ ಮೊದಲ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 1994ರ ಗಾಡಿ 2009, 2014, 2019, 2024ರಲ್ಲಿ ನವೀಕರಣ ಆಗಿರಬೇಕು. ನಡುವೆ ತಪ್ಪಿದ್ದರೆ ದಂಡ ಏರುತ್ತಾ ಹೋಗಿರುತ್ತದೆ. ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಎರಡು ಸಾವಿರ ರೂಪಾಯಿಗೆ ಏರಿಸಿದ್ದಾರೆ. ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸುವ ನಮೂನೆ 35 ಬೇಕು. ಸಾಲ ತೀರಿಸಿ ಇಪ್ಪತ್ತು ವರ್ಷವಾದರೂ ಹೆಸರು ಹಾಗೇ ಉಳಿದ ಗಾಡಿಗಳಿವೆ, ಈಗ ಆ ಫೈನಾನ್ಸ್ ಕಂಪನಿಯೇ ಇಲ್ಲ.

ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಸಹಿ ಹಾಕಿದ ಖಾಲಿ ನಮೂನೆ ಕೈಯಿಂದ ಕೈಗೆ ದಾಟುತ್ತಾ, ಗಾಡಿ ನಾಲ್ಕು ಜನರ ಹತ್ತಿರ ಓಡಿ, ಹೆಸರು ಮಾತ್ರ ಮೊದಲಿನವರದೇ ಉಳಿಯುವುದು ನಮ್ಮಲ್ಲಿ ರೂಢಿ. ಇದು ಮಾರುವವರಿಗೂ ಗಂಡಾಂತರ. ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿಯೂ ಗಾಡಿ ಕೈಯಿಂದ ಕೈಗೆ ದಾಟಿತ್ತು, ಹೊಣೆ ಬಂದದ್ದು ಮೊದಲಿನವರ ತಲೆಗೆ. ಹಳೆಯ ಸ್ಕೂಟರು ಮಾರಿ ಮರೆತುಬಿಟ್ಟ ಪಾಲಕರು ಇದನ್ನು ಓದಿ ಒಮ್ಮೆ ಕಪಾಟು ತೆರೆದು ನೋಡುವುದು ಒಳ್ಳೆಯದು.

ಎಂಜಿನ್ನಿನ ಹೊಟ್ಟೆಯೊಳಗೆ

ಕಾಗದ, ನಂಬರು ಸರಿಯಿದ್ದರೆ ಎಂಜಿನ್ನಿಗೆ ಬರಬಹುದು. ಗಾಡಿ ನೋಡಲು ಬರುವ ಸುದ್ದಿ ಕೊಟ್ಟರೆ ಮಾರುವವನು ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾನೆ. ಆದ್ದರಿಂದ ಹೋದ ಕೂಡಲೆ ಎಂಜಿನ್ನಿನ ಮೇಲೆ ಕೈ ಇಟ್ಟು ನೋಡಿ. ಬಿಸಿಯಿದ್ದರೆ ಚಹಾ ಕುಡಿಯುತ್ತಾ ಕೂಡಿ, ತಣ್ಣಗಾಗಲಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ.

ಮೊದಲು ಕಿಕ್ಕಿನ ಮೇಲೆ ನಿಧಾನವಾಗಿ ಭಾರ ಬಿಡಿ. ಒಂದು ಹಂತದಲ್ಲಿ ಅದು ಕಾಲನ್ನು ತಡೆಯಬೇಕು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದರೆ ರಿಂಗು, ಬೋರು ಸವೆದಿವೆ. ಶುರುವಾದ ಮೇಲೆ ಹೊಗೆ ಬರುವುದು ಸಹಜ, ಏಕೆಂದರೆ ಎರಡು ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಉರಿಸುತ್ತದೆ. ಐದು ನಿಮಿಷ ಓಡಿದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಗೇರಿನ ಎಣ್ಣೆ ಒಳಗೆ ಸೋರುತ್ತಿರಬಹುದು. ಹೊರಗೆ ಎಲ್ಲೂ ಸೋರದೆ ಗೇರ್ ಎಣ್ಣೆ ಕಡಿಮೆಯಾಗುತ್ತಿದೆ ಎಂದರೆ ಕ್ರ್ಯಾಂಕಿನ ಕ್ಲಚ್ ಬದಿಯ ಸೀಲು ಹೋಗಿದೆ ಎಂದೇ ಅರ್ಥ. ಇನ್ನೊಂದು ಬದಿಯ ಸೀಲು ಹೋದರೆ ಎಂಜಿನ್ ಗಾಳಿ ಎಳೆದುಕೊಂಡು, ಎಕ್ಸಲೇಟರ್ ಬಿಟ್ಟರೂ ಕಿರುಚುತ್ತಲೇ ಇರುತ್ತದೆ. ಅದು ಪಿಸ್ಟನ್ ಸೀಜ್ ಆಗುವುದರ ಮುನ್ಸೂಚನೆ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಕಾಫಿ ಬಣ್ಣಕ್ಕಿರಬೇಕು. ಎಣ್ಣೆಗಪ್ಪೂ ಒಳ್ಳೆಯದಲ್ಲ, ಸುಣ್ಣದ ಬಿಳುಪಂತೂ ಇನ್ನೂ ಕೆಟ್ಟದ್ದು.

ನಮ್ಮ ಭಾಗದಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಧೂಳು. ವಾಡಿ, ಸೇಡಂ, ಮಳಖೇಡದ ಸಿಮೆಂಟು, ಶಹಾಬಾದಿನ ಕಲ್ಲಿನ ಪುಡಿ. ಗಾಡಿ ಯಾವ ರಸ್ತೆಯಲ್ಲಿ ಓಡಿತ್ತು ಎಂಬುದು ಎಷ್ಟು ಕಿಲೋಮೀಟರು ಓಡಿತ್ತು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಎರಡು ಸ್ಟ್ರೋಕಿನಲ್ಲಿ ಅದು ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಇಳಿದು, ಅಲ್ಲಿಂದ ಮೇಲೇರುತ್ತದೆ. ಅಂದರೆ ಧೂಳು ಬೋರನ್ನಷ್ಟೇ ಅಲ್ಲ, ಕ್ರ್ಯಾಂಕಿನ ಬೇರಿಂಗುಗಳನ್ನೂ ತಿನ್ನುತ್ತದೆ. ಸದ್ದು ಹೆಚ್ಚಲಿ ಎಂದು ಹುಡುಗರು ಏರ್ ಫಿಲ್ಟರನ್ನೇ ಕಿತ್ತು ಎಸೆಯುತ್ತಾರೆ. ಸಿಮೆಂಟು ಧೂಳಿನ ರಸ್ತೆಯಲ್ಲಿ ಅದು ಎಂಜಿನ್ನಿಗೆ ಮರಳು ತಿನ್ನಿಸಿದಂತೆ. ಬದಿಯ ಮುಚ್ಚಳ ತೆಗೆದು ಫಿಲ್ಟರ್ ಡಬ್ಬಿಯ ಒಳಗೆ ಬೆರಳಾಡಿಸಿ ನೋಡಿ. ಫಿಲ್ಟರಿನ ಹೊರಗೆ ಧೂಳಿದ್ದರೆ ಚಿಂತೆಯಿಲ್ಲ, ಅದನ್ನು ದಾಟಿದ ನಳಿಗೆಯಲ್ಲಿದ್ದರೆ ಎಂಜಿನ್ನಿನ ಇತಿಹಾಸ ಅಲ್ಲೇ ಗೊತ್ತಾಯಿತು.

ಆರ್‌ಎಕ್ಸ್‌ನಲ್ಲಿ ಎಣ್ಣೆಗೆ ಬೇರೆ ಡಬ್ಬಿ, ಅದನ್ನು ಎಂಜಿನ್ನಿಗೆ ಒದಗಿಸಲು ಒಂದು ಪಂಪು ಇರುತ್ತದೆ. ಕೆಟ್ಟ ಪಂಪನ್ನು ರಿಪೇರಿ ಮಾಡಿಸದೆ ಕಿತ್ತುಹಾಕಿ, ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸಿದ ಗಾಡಿಗಳು ಬಹಳ. ಒಂದು ದಿನ ಎಣ್ಣೆ ಬೆರೆಸಲು ಮರೆತಿದ್ದರೆ ಸಾಕು, ಪಿಸ್ಟನ್ ಒಮ್ಮೆಯಾದರೂ ಹಿಡಿದಿರುತ್ತದೆ.

'ಎಂಜಿನ್ ಬಿಚ್ಚೇ ಇಲ್ಲ' ಎಂಬ ಮಾತನ್ನು ಪರೀಕ್ಷಿಸಲು ಇರುವುದು ಒಂದೇ ದಾರಿ: ಹೆಡ್ ಬಿಚ್ಚಿ ನೋಡುವುದು. ನಿಮ್ಮ ನಂಬಿಕೆಯ ಮಿಸ್ತ್ರಿಗೆ ಇದು ಅರ್ಧ ಗಂಟೆಯ ಕೆಲಸ. ಆರ್‌ಎಕ್ಸ್ 100ರ ಬೋರಿನ ವ್ಯಾಸ 50 ಮಿಲಿಮೀಟರು, ಪಿಸ್ಟನ್ ಚಲಿಸುವ ದೂರವೂ 50. ಪಿಯುಸಿಯ ಲೆಕ್ಕವೇ ಸಾಕು. ವ್ಯಾಸದ ವರ್ಗವನ್ನು 0.7854ರಿಂದ ಗುಣಿಸಿ, ಚಲಿಸುವ ದೂರದಿಂದ ಗುಣಿಸಿದರೆ 98 ಘನ ಸೆಂಟಿಮೀಟರು ಚಿಲ್ಲರೆ. ಆರ್‌ಸಿಯಲ್ಲಿ 98 ಸಿಸಿ ಎಂದು ಬರೆದಿರುವುದು ಇದನ್ನೇ.

ಬೋರು ಸವೆದಾಗ ಅದನ್ನು ಕೊರೆದು ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮೊದಲ ಸಲ 0.25 ಮಿ.ಮೀ., ಆಮೇಲೆ 0.50, 0.75, ಕೊನೆಗೆ 1.00. ಈ ಅಂಕಿ ಪಿಸ್ಟನ್ನಿನ ನೆತ್ತಿಯ ಮೇಲೆಯೇ ಅಚ್ಚಾಗಿರುತ್ತದೆ, ಮಸಿ ಕೆರೆದರೆ ಕಾಣುತ್ತದೆ. 0.50 ಕಂಡರೆ ಎಂಜಿನ್ ಈಗಾಗಲೇ ಬಿಚ್ಚಿ ಬೋರು ಹೊಡೆಸಿದ್ದು, ಆದರೆ ಇನ್ನೂ ಎರಡು ಸಲಕ್ಕೆ ಲೋಹ ಉಳಿದಿದೆ. 1.00 ಕಂಡರೆ ಮುಂದಿನ ಸಲ ಹೊಸ ಸ್ಲೀವೇ ಗತಿ. ಇನ್ನು ವ್ಯಾಸ 58 ಮಿ.ಮೀ. ಬಂದರೆ? ಲೆಕ್ಕ ಮಾಡಿ ನೋಡಿ, 132 ಸಿಸಿ. ಅಂದರೆ ಆಮೇಲೆ ಬಂದ ಆರ್‌ಎಕ್ಸ್ 135ರ ಸಿಲಿಂಡರು. ಹುಡುಗರಿಗೆ ವೇಗ ಹೆಚ್ಚಿದ ಖುಷಿ. ಆದರೆ ಕಾಗದದಲ್ಲಿ 98, ರಸ್ತೆಯ ಮೇಲೆ 132. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದು ಇದನ್ನೇ.

ಅಳೆಯಲು ಕಾಲೇಜಿನ ವರ್ನಿಯರ್ ಕ್ಯಾಲಿಪರ್ಸ್ ಸಾಕು. ವರ್ಕ್‌ಶಾಪಿನ ಬೋರ್ ಗೇಜಿನಷ್ಟು ಸೂಕ್ಷ್ಮವಲ್ಲ ಅದು, ಅದರ ಕನಿಷ್ಠ ಅಳತೆ 0.1 ಮಿ.ಮೀ. ಆದರೆ 50ಕ್ಕೂ 58ಕ್ಕೂ ಇರುವ ಅಂತರ ಹೇಳಲು ಅದೇ ಹೆಚ್ಚು. ಮೂವತ್ತು ವರ್ಷ ಮಕ್ಕಳಿಂದ ಅದರಲ್ಲಿ ಗಾಜಿನ ಗೋಲಿಯ ವ್ಯಾಸ ಅಳೆಸಿದ ನನಗೆ, ಗೋಲಿಯ ಬದಲು ಒಂದು ಸಿಲಿಂಡರು ಇಟ್ಟಿದ್ದರೆ ಎಷ್ಟು ಜನ ಪ್ರಯೋಗವನ್ನು ಮನಸ್ಸಿಟ್ಟು ಮಾಡುತ್ತಿದ್ದರೋ ಎಂದು ಈಗ ಅನ್ನಿಸುತ್ತದೆ.

ಮೀಟರು ತೋರಿಸುವ ಕಿಲೋಮೀಟರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದರ ಕೇಬಲ್ ಒಂದು ಸ್ಕ್ರೂ ದೂರದಲ್ಲಿದೆ. ಕೊನೆಗೆ ಗಾಡಿ ಓಡಿಸಿ ನೋಡುವುದು. ಕುಂಚಾವರಂನವರಿಗೆ ಇದಕ್ಕೆ ಬೇರೆ ಊರಿಗೆ ಹೋಗಬೇಕಿಲ್ಲ, ಕಾಡಿನ ಏರುಗಳೇ ಇವೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಏರಿಸಿ. ಉಸಿರುಗಟ್ಟಬಾರದು, ಗೇರು ತಾನಾಗಿ ಜಾರಬಾರದು, ಕೆಳಗಿನಿಂದ ಕಟಕಟ ಬರಬಾರದು. ಓಡಿಸುವವರ ಬಳಿ ಲೈಸೆನ್ಸು, ತಲೆಯ ಮೇಲೆ ಹೆಲ್ಮೆಟ್ಟು ಇರಲೇಬೇಕು.

ಎಲ್ಲ ಬಿಡಿಭಾಗವೂ ಮೂಲದ್ದೇ ಆಗಿರಬೇಕೆಂಬ ಹಟ ಓಡಾಡಲು ಗಾಡಿ ಕೊಳ್ಳುವವರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ದೀಪ, ಸೀಟು, ಸೈಲೆನ್ಸರು ಮೂವತ್ತು ವರ್ಷದಲ್ಲಿ ಬದಲಾಗಿಯೇ ಇರುತ್ತವೆ. ಹಳೆಯ ಜಾವಾ ಸಂಗ್ರಹಿಸುವವರ ಮಾತು ಬೇರೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಚಾಸಿ, ಎಂಜಿನ್ ಮೂಲರೂಪದಲ್ಲೇ ಉಳಿದ ಗಾಡಿಗೆ 'ವಿಎ' ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನವೂ ಕಾಲೇಜಿಗಲ್ಲ.

ಪಾಲಕರಿಗೆ ಒಂದು ಮಾತು

ಗೇರಿರುವ ಯಾವ ಮೋಟಾರ್ ಸೈಕಲಿಗೂ ಹದಿನೆಂಟು ತುಂಬಿ ಲೈಸೆನ್ಸು ಆಗಿರಬೇಕು. ಹದಿನಾರಕ್ಕೆ ಸಿಗುವುದು 50 ಸಿಸಿ ಮೀರದ, ಗೇರಿಲ್ಲದ ಗಾಡಿಯ ಲೈಸೆನ್ಸು ಮಾತ್ರ. 2019ರ ತಿದ್ದುಪಡಿಯಾದ 199ಎ ಕಲಮಿನ ಪ್ರಕಾರ, ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸಿಲ್ಲ. ತಾಂಡಾಗಳ ಕಡೆಯ ರಸ್ತೆಯಲ್ಲಿ ಪೊಲೀಸರು ಇರುವುದಿಲ್ಲ ನಿಜ, ಆದರೆ ತಿರುವುಗಳು ಇರುತ್ತವೆ.

ಕುಂಚಾವರಂನ ಆ ಕಪ್ಪು ಗಾಡಿಯ ಕಡೆ ಬರೋಣ. ಹುಡುಗನೇ ಹಾಳೆ ಇಟ್ಟು ಅಚ್ಚು ತೆಗೆದ. ಚಾಸಿ ನಂಬರು ಸರಿಬಂತು. ಎಂಜಿನ್ ನಂಬರಿನಲ್ಲಿ ನಡುವಿನ ಎರಡು ಅಂಕಿ ಆರ್‌ಸಿಗೆ ಹೊಂದಲಿಲ್ಲ. 'ಅದ್ ಆರ್‌ಟಿಓದವ್ರು ಬರೆಯೋದ್ರಾಗ ತಪ್ಪ್ಯಾರ್ರಿ' ಎಂದ ವ್ಯಾಪಾರಿ. ಇರಲಿ, ಹೆಡ್ ಬಿಚ್ಚಿ ನೋಡೋಣ ಎಂದೆ. ಅದಕ್ಕೆ ಅವನು ಒಪ್ಪಲಿಲ್ಲ. ಕಿಕ್ ಹೊಡೆದು, ಲೋಟಗಳನ್ನೆಲ್ಲ ಮತ್ತೊಮ್ಮೆ ನಡುಗಿಸಿ, ಬಂದ ದಾರಿಯಲ್ಲೇ ಹೊರಟುಹೋದ. ಹುಡುಗ ಎರಡು ದಿನ ತಂದೆಯ ಜೊತೆಗೂ ನನ್ನ ಜೊತೆಗೂ ಮಾತು ಬಿಟ್ಟಿದ್ದ.

ಮೂರು ವಾರದ ಮೇಲೆ ಶಹಾಬಾದಿನಲ್ಲಿ ನಿವೃತ್ತ ನೌಕರರೊಬ್ಬರ ಮನೆಯಲ್ಲಿ 1994ರ ಗಾಡಿಯೊಂದು ಸಿಕ್ಕಿತು. ಕೆಎ-32, ಒಬ್ಬರದೇ ಹೆಸರು, ನವೀಕರಣ 2029ರವರೆಗೆ. ಬಣ್ಣ ಮಾಸಿದೆ, ಸೀಟು ಹರಿದಿದೆ, ಫಿಲ್ಟರ್ ಡಬ್ಬಿ ತುಂಬ ಕಲ್ಲಿನ ಪುಡಿ. ಆದರೆ ಒಳನಳಿಗೆ ಶುಭ್ರ. 'ಎರಡ್ ಸಲ ಬೋರ್ ಹೊಡಿಸೀನಪ್ಪ, ಸುಳ್ಳ್ಯಾಕ ಹೇಳ್ಲಿ' ಎಂದರು ಹಿರಿಯರು. ಹೆಡ್ ಬಿಚ್ಚಲು ತಾವೇ ಪಾನಾ ತಂದುಕೊಟ್ಟರು. ಪಿಸ್ಟನ್ನಿನ ನೆತ್ತಿಯ ಮೇಲೆ 0.50 ಎಂದಿತ್ತು. ಹುಡುಗ ನನ್ನ ಹಳೆಯ ವರ್ನಿಯರಿನಿಂದ ಅಡ್ಡ ಒಮ್ಮೆ, ಉದ್ದ ಒಮ್ಮೆ ಅಳೆದು 50.5 ಎಂದ. ಅಂಗೈ ಮೇಲೆ ಲೆಕ್ಕ ಬರೆದು 'ನೂರು ಸಿಸಿ ಆಯ್ತ್ರಿ ಸರ್' ಎಂದ. ನಲವತ್ತೆಂಟು ಸಾವಿರಕ್ಕೆ ಮಾತಾಯಿತು.

ಹಿರಿಯರೂ ಜೊತೆಗೆ ಬಂದು ಕಲಬುರಗಿಯಲ್ಲಿ ನಮೂನೆಗಳಿಗೆ ಸಹಿ ಹಾಕಿಕೊಟ್ಟಿದ್ದಾರೆ. ಹೊಸ ಆರ್‌ಸಿ ಇನ್ನೂ ಕೈಗೆ ಬಂದಿಲ್ಲ. ಗಾಡಿ ಮನೆಯ ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಹುಡುಗ ಈಗಲೂ ಬೆಳಗಿನ ಬಸ್ಸಿಗೇ ಚಿಂಚೋಳಿಗೆ ಹೋಗುತ್ತಾನೆ. ಕೀಲಿಕೈ ಅವನ ತಂದೆಯ ಅಂಗಿಯ ಜೇಬಿನಲ್ಲಿದೆ.